ಎರಡು ಕಾಲ್ಚೆಂಡಾಟಗಳು ಮತ್ತು ನಮ್ಮ ನಾಡು

ಕೊಳ್ಳೇಗಾಲದಿಂದ ಹೊರಟು ಹನೂರನ್ನು ಹಾಯ್ದು, ಮಹದೇಶ್ವರಬೆಟ್ಟದ ತಿರುವುಗಳನ್ನು ಏರಿ ಇಳಿದು, ಪಾಲಾರಿನ ಕಡೆಯ ಕಾಡುದಾರಿಯನ್ನು ಹಿಡಿದು ಹೋದರೆ ನಮ್ಮ ನಾಡಿನ ಅಂಚಿನಲ್ಲಿ ಗೋಪಿನಾಥಂ ಎಂಬ ಗ್ರಾಮ ದೊರೆಯುತ್ತದೆ. ಸುತ್ತಲೂ ಕಾವೇರಿ ವನ್ಯಧಾಮದ ಅರಣ್ಯ. ಹೊಳೆಯ ಆಚೆಗೆ ತಮಿಳುನಾಡು. ಹೊಗೇನಕಲ್ಲಿನ ಜಲಪಾತವೂ ದೂರವಿಲ್ಲ. ೧೯೫೬ನೆಯ ಇಸವಿ ನವೆಂಬರ್ ೧ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತಾದುದರಿಂದ, ಈ ಊರಿನ ಹಿರಿಯರಲ್ಲಿ ಹಲವರು ತಾವು ಹುಟ್ಟಿದ ಮನೆಯಿಂದ ಕದಲದೆಯೇ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಬಂದವರು. ವೀರಪ್ಪನ್ ಹುಟ್ಟಿದ ಊರೆಂದು, ಅರಣ್ಯಾಧಿಕಾರಿ ಪಿ. ಶ್ರೀನಿವಾಸರು ೧೯೯೧ರಲ್ಲಿ ಹತರಾದ ಸೀಮೆಯೆಂದು ವೃತ್ತಪತ್ರಿಕೆಗಳ ವಾಚಕರಿಗೆ ಈ ಹೆಸರು ಪರಿಚಿತವಾಗಿದೆ. ನಮಗೆ ಪ್ರಕೃತದಲ್ಲಿ ಬೇಕಾದುದು ಆ ಕಥೆಯಲ್ಲ. ದಾರಿಯ ಕೊನೆಯಲ್ಲಿರುವ ಊರಿಗೆ ಬರುವ ಪ್ರತಿಯೊಂದು ವಸ್ತುವನ್ನೂ ಯಾರೋ ಒಬ್ಬರು ಹೊತ್ತು ತಂದಿರಲೇಬೇಕು. ಬೆಂಕಿಪೆಟ್ಟಿಗೆಗೂ ಶಾಲೆಯ ಸ್ಲೇಟಿಗೂ ಇದು ಹೇಗೆ ನಿಜವೋ ಆಟದ ಚೆಂಡಿಗೂ ಹಾಗೆಯೇ ನಿಜ. ಆಟಗಳ ಇತಿಹಾಸವನ್ನು ವಿಚಾರಮಾಡುವವರು ಈ ಸಾಮಾನ್ಯ ಸಂಗತಿಯನ್ನು ಬಹುವಾಗಿ ಮರೆಯುತ್ತಾರೆಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆಯಾದರೂ ಹಳೆಯದು. ಅಸೋಸಿಯೇಷನ್ ಫುಟ್‌ಬಾಲ್ ಎನಿಸಿಕೊಂಡ ಕಾಲ್ಚೆಂಡಾಟವು ಇಂದು ಭೂಮಂಡಲವನ್ನೆಲ್ಲ ವ್ಯಾಪಿಸಿದೆ. ವಿಶ್ವಸಂಸ್ಥೆಯ ಸದಸ್ಯರಾಷ್ಟ್ರಗಳ ಸಂಖ್ಯೆ ೧೯೩. ಕಾಲ್ಚೆಂಡಾಟದ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಫಾದ ಸದಸ್ಯಸಂಸ್ಥೆಗಳ ಸಂಖ್ಯೆ ೨೧೧. ಇದರ ಸೋದರನೇ ಆದ ಅಮೆರಿಕದ ಫುಟ್‌ಬಾಲಾದರೋ ತನ್ನ ಮನೆಯಲ್ಲಿ ಚಕ್ರವರ್ತಿ. ೨೦೨೪ ಮತ್ತು ೨೦೨೫ರ ಸೂಪರ್ ಬೌಲ್ ಪಂದ್ಯಗಳನ್ನು ಆ ದೇಶವೊಂದರಲ್ಲಿಯೇ ಹನ್ನೆರಡು ಕೋಟಿಗೂ ಮಿಕ್ಕ ಜನ ದೂರದರ್ಶನದಲ್ಲಿ ನೋಡಿದರು. ಆದರೆ ಆ ದೇಶದ ಎಲ್ಲೆಯನ್ನು ದಾಟಿದೊಡನೆಯೇ ಆಟದ ಬಲ ಕುಂದುತ್ತದೆ. ಇದಕ್ಕೆ ಕಾರಣವೇನೆಂದು ಕೇಳಿದರೆ ವಿದ್ಯಾರ್ಥಿಗಳು ಮಾತ್ರವಲ್ಲ, ಉಪಾಧ್ಯಾಯರೂ ಕೊಡುವ ಉತ್ತರ ಒಂದೇ: ಒಂದು ಬಡವರ ಆಟ, ಅದಕ್ಕೆ ಒಂದು ಚೆಂಡು ಸಾಕು, ಇನ್ನೊಂದು ಶ್ರೀಮಂತರ ಆಟ, ಅದಕ್ಕೆ ಶಿರಸ್ತ್ರಾಣ, ಭುಜಕವಚ, ಮಂಡಿಗಾಪುಗಳು ಬೇಕು. ಉತ್ತರ ಸರಳವಾಗಿದೆ, ಕೇಳಲು ಹಿತವಾಗಿಯೂ ಇದೆ. ಆದರೆ ಅದು ಅರ್ಧಸತ್ಯವೆಂಬುದನ್ನು ನಮ್ಮ ನಾಡಿನ ಅನುಭವದಿಂದಲೇ ತೋರಿಸಬಹುದೆಂದು ನಾವು ನಂಬಿದ್ದೇವೆ.

ಮುಂದುವರಿಯುವ ಮೊದಲು ಹೆಸರಿನ ತೊಡಕನ್ನು ಬಿಡಿಸಿಕೊಳ್ಳಬೇಕು. ಕನ್ನಡದ ‘ಕಾಲ್ಚೆಂಡು’ ಎಂಬ ಮಾತು ಬ್ರಿಟಿಷರ ಆಟಕ್ಕೆ ಅಳತೆಮಾಡಿ ಹೊಲಿದಂತಿದೆ. ಅಮೆರಿಕದ ಆಟಕ್ಕೆ ಅದು ಒಪ್ಪುವುದಿಲ್ಲ. ಅಲ್ಲಿ ಚೆಂಡು ಉರುಟಾಗಿಲ್ಲ, ಎರಡು ತುದಿಯೂ ಚೂಪು, ಅದನ್ನು ಬಹುಕಾಲ ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ, ಒದೆಯುವುದು ಅಪರೂಪ. ‘ಸಾಕರ್’ ಎಂಬುದು ಅಮೆರಿಕನ್ನರು ಕಟ್ಟಿದ ಹೆಸರೆಂದು ಬಹುಜನರು ತಿಳಿದಿದ್ದಾರೆ. ವಸ್ತುತಃ ಅದು ‘ಅಸೋಸಿಯೇಷನ್’ ಎಂಬ ಪದವನ್ನು ಮೊಟಕುಮಾಡಿ ಇಂಗ್ಲೆಂಡಿನ ವಿದ್ಯಾರ್ಥಿಗಳೇ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಡಿದ ತಮಾಷೆಯ ಮಾತು. ಈ ಲೇಖನದಲ್ಲಿ ನಾವು ಕಾಲ್ಚೆಂಡಾಟವೆಂದರೆ ಸಾಕರ್ ಎಂದೇ ತಿಳಿಯತಕ್ಕದ್ದು.

ಎರಡು ಆಟಗಳೂ ಒಂದೇ ಗರ್ಭದಿಂದ ಬಂದವು. ೧೮೬೩ರ ಅಕ್ಟೋಬರ್ ೨೬ರಂದು ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್ ಎಂಬ ಪಾನಗೃಹದಲ್ಲಿ ಕೆಲವು ಕ್ಲಬ್ಬುಗಳ ಪ್ರತಿನಿಧಿಗಳು ಸೇರಿ ಫುಟ್‌ಬಾಲ್ ಅಸೋಸಿಯೇಷನ್ನನ್ನು ಸ್ಥಾಪಿಸಿದರು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದನ್ನೂ ಎದುರಾಳಿಯ ಕಾಲಿಗೆ ಒದೆಯುವುದನ್ನೂ ನಿಷೇಧಿಸಿದಾಗ ಬ್ಲ್ಯಾಕ್‌ಹೀತ್ ಕ್ಲಬ್ಬಿನವರು ಮುನಿದು ಹೊರನಡೆದರು. ಒದೆಯುವ ಹಕ್ಕನ್ನು ಬಿಟ್ಟರೆ ಆಟದ ಪೌರುಷವೇ ಹೋಗುವುದೆಂದು ಅವರ ವಾದ. ಹೀಗೆ ಹೊರಗೆ ಉಳಿದವರ ಪರಂಪರೆ ೧೮೭೧ರಲ್ಲಿ ರಗ್ಬಿ ಯೂನಿಯನ್ನಾಗಿ ರೂಪುಗೊಂಡಿತು.

ಅಮೆರಿಕದಲ್ಲಿ ೧೮೬೯ರ ನವೆಂಬರ್ ೬ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ನಡೆದ ಪಂದ್ಯವನ್ನು ಆ ದೇಶದವರು ತಮ್ಮ ಫುಟ್‌ಬಾಲಿನ ಜನ್ಮದಿನವೆಂದು ಆಚರಿಸುತ್ತಾರೆ. ವಿಚಿತ್ರವೆಂದರೆ, ಅಂದು ಪಕ್ಷಕ್ಕೆ ೨೫ ಮಂದಿಯಂತೆ ಆಡಿದ ಆಟದಲ್ಲಿ ಚೆಂಡನ್ನು ಹಿಡಿದು ಓಡುವಂತಿರಲಿಲ್ಲ; ಅದು ಕಾಲ್ಚೆಂಡಾಟಕ್ಕೆ ಹತ್ತಿರದ ನೆಂಟನಾಗಿದ್ದಿತು. ಹಾರ್ವರ್ಡ್ ಮಾತ್ರ ಈ ದಾರಿಗೆ ಬರಲೊಲ್ಲದೆ, ೧೮೭೪ರಲ್ಲಿ ಕೆನಡದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದವರೊಡನೆ ಆಡಿ, ಅವರ ರಗ್ಬಿ ರೀತಿಯನ್ನು ಮೆಚ್ಚಿಕೊಂಡಿತು. ಮಿಕ್ಕ ದೊಡ್ಡ ಕಾಲೇಜುಗಳು ಹಾರ್ವರ್ಡನ್ನು ಹಿಂಬಾಲಿಸಿದವು. ೧೮೭೬ರಲ್ಲಿ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಸೇರಿದ ಸಭೆ ರಗ್ಬಿಯ ನಿಯಮಗಳನ್ನು ಅಂಗೀಕರಿಸಿತು. ಯೇಲ್ ಕಾಲೇಜಿನ ವಾಲ್ಟರ್ ಕ್ಯಾಂಪ್ ೧೮೮೦ರಲ್ಲಿ ಪಕ್ಷಕ್ಕೆ ೧೧ ಮಂದಿಯನ್ನು ಗೊತ್ತುಮಾಡಿ, ಪ್ರತಿ ಸಲವೂ ಆಟವನ್ನು ನಿಲ್ಲಿಸಿ ಒಂದು ಗೆರೆಯಿಂದ ಮತ್ತೆ ಆರಂಭಿಸುವ ಪದ್ಧತಿಯನ್ನು ತಂದ. ೧೮೮೨ರಲ್ಲಿ ಮೂರು ಯತ್ನಗಳಲ್ಲಿ ಐದು ಗಜ ಮುಂದುವರಿಯಬೇಕೆಂಬ ಕಟ್ಟಳೆ ಬಂದಿತು. ಇಲ್ಲಿಗೆ ರಗ್ಬಿಯಿಂದಲೂ ಬೇರೆಯಾದ ಹೊಸದೊಂದು ಆಟ ಹುಟ್ಟಿತೆನ್ನಬಹುದು. ೧೮೮೦ ಎಂಬ ಈ ವರ್ಷವನ್ನು ವಾಚಕರು ಜ್ಞಾಪಕದಲ್ಲಿಡಬೇಕು. ಬೆಂಗಳೂರಿನ ಪ್ರಸಂಗದಲ್ಲಿ ಅದು ಮತ್ತೆ ಬರುತ್ತದೆ.

ಈಗ ‘ಬಡವರ ಆಟ’ದ ವಾದವನ್ನು ಪರೀಕ್ಷಿಸೋಣ. ಕಾಲ್ಚೆಂಡಾಟ ಲೋಕವನ್ನು ಸುತ್ತಿದ್ದು ಮುಖ್ಯವಾಗಿ ೧೮೮೦ರಿಂದ ೧೯೧೪ರವರೆಗಿನ ಕಾಲದಲ್ಲಿ. ಆ ಕಾಲದಲ್ಲಿ ಅಮೆರಿಕದ ಆಟಗಾರನ ಮೈಮೇಲೆ ಇದ್ದುದಾದರೂ ಏನು? ದಪ್ಪ ಅಂಗಿ, ಒಂದಿಷ್ಟು ಹತ್ತಿಯ ಒತ್ತು, ಮೊಳೆಯ ಪಾದರಕ್ಷೆ. ಶಿರಸ್ತ್ರಾಣವನ್ನು ಕಾಲೇಜು ಪಂದ್ಯಗಳಲ್ಲಿ ಕಡ್ಡಾಯಮಾಡಿದ್ದು ೧೯೩೯ರಲ್ಲಿ, ವೃತ್ತಿಪರ ಪಂದ್ಯಗಳಲ್ಲಿ ೧೯೪೩ರಲ್ಲಿ. ಮೈದಾನದ ಅಳತೆಯೂ ಅಡ್ಡಿಯಲ್ಲ. ಅಮೆರಿಕದ ಮೈದಾನ ೧೨೦ ಗಜ ಉದ್ದ, ೫೩ ಗಜಕ್ಕಿಂತ ಸ್ವಲ್ಪ ಹೆಚ್ಚು ಅಗಲ. ಕಾಲ್ಚೆಂಡಾಟದ ಮೈದಾನ ಸಾಮಾನ್ಯವಾಗಿ ಅದಕ್ಕಿಂತ ಅಗಲವಾದುದೇ. ಹೀಗಿರಲು, ಲೋಕದ ಬಾಗಿಲು ತೆರೆದಿದ್ದ ಮೂವತ್ತು-ನಾಲ್ವತ್ತು ವರ್ಷಗಳಲ್ಲಿ ಎರಡು ಆಟಗಳಿಗೂ ಖರ್ಚು ಹೆಚ್ಚುಕಡಮೆ ಒಂದೇ ಆಗಿದ್ದಿತು. ವೆಚ್ಚ ಈ ಕಥೆಯಲ್ಲಿ ತಡವಾಗಿ ಬಂದ ಕಾರಣ. ಮುಚ್ಚಿದ್ದ ಬಾಗಿಲಿಗೆ ಅದು ಆಮೇಲೆ ಬೀಗ ಹಾಕಿತು, ಅಷ್ಟೆ.

ನಮ್ಮ ದೃಷ್ಟಿಯಲ್ಲಿ ಮೊದಲ ಕಾರಣ ಹೊತ್ತು ತಂದವರದು. ಕಾಲ್ಚೆಂಡನ್ನು ಹೊತ್ತವರು ಕೇವಲ ಸಾಮ್ರಾಜ್ಯದ ಅಧಿಕಾರಿಗಳಲ್ಲ. ಅಲೆಗ್ಸಾಂಡರ್ ವಾಟ್ಸನ್ ಹಟನ್ ಎಂಬ ಸ್ಕಾಟಿಷ್ ಉಪಾಧ್ಯಾಯ ಬ್ಯೂನಸ್ ಐರಿಸಿನಲ್ಲಿ ೧೮೮೪ರಲ್ಲಿ ಶಾಲೆ ತೆರೆದು ಅದರೊಡನೆ ಆಟವನ್ನೂ ನೆಟ್ಟ. ಚಾರ್ಲ್ಸ್ ಮಿಲ್ಲರ್ ೧೮೯೪ರಲ್ಲಿ ಇಂಗ್ಲೆಂಡಿನಿಂದ ಸಾವೊ ಪೌಲೊಗೆ ಚೆಂಡಿನೊಡನೆ ಹಿಂದಿರುಗಿದ. ಸ್ಪೇಯಿನಿನ ಉವೆಲ್ವಾದಲ್ಲಿ ಗಣಿಯ ಕೆಲಸಗಾರರು ಆಡಿದರು. ಇವುಗಳಲ್ಲಿ ಯಾವುದೂ ಬ್ರಿಟಿಷ್ ಆಡಳಿತಕ್ಕೆ ಸೇರಿದ ದೇಶವಲ್ಲ. ಹಡಗು, ರೈಲು, ಗಣಿ, ಬ್ಯಾಂಕು, ಶಾಲೆ ಇವುಗಳೇ ವಾಹನಗಳು. ೧೯೦೪ರ ಮೇ ೨೧ರಂದು ಪ್ಯಾರಿಸಿನಲ್ಲಿ ಫಿಫಾ ಹುಟ್ಟುವ ವೇಳೆಗೆ ಆಟ ಆಗಲೇ ಪರದೇಶದ ಮಣ್ಣಿನಲ್ಲಿ ಬೇರುಬಿಟ್ಟಿದ್ದಿತು. ಆದರೆ ಭಾರತದಲ್ಲಿ ಇವೆಲ್ಲಕ್ಕೂ ಮಿಗಿಲಾದ ಇನ್ನೊಂದು ವಾಹನವಿದ್ದಿತು. ಅದು ದಂಡು.

ಬೆಂಗಳೂರಿನ ದಂಡುಪ್ರದೇಶವನ್ನು ಬ್ರಿಟಿಷರು ೧೮೦೯ರಲ್ಲಿ ಸ್ಥಾಪಿಸಿದರು. ಶ್ರೀರಂಗಪಟ್ಟಣದ ಚಳಿಜ್ವರಕ್ಕೆ ಬೆದರಿದ ಸೈನ್ಯ ಹಲಸೂರಿನ ಸುತ್ತಲಿನ ಎತ್ತರದ ಬಯಲಿಗೆ ಬಂದಿತು; ೧೮೩೪ರಲ್ಲಿ ಮದರಾಸು ಸ್ಯಾಪರ್ಸ್ ಪಡೆಯೂ ಇಲ್ಲಿಗೆ ಬಂದು ನೆಲಸಿತು. ೧೮೮೧ರಲ್ಲಿ ಮೈಸೂರನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ಈ ಭಾಗವನ್ನು ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಎಂಬ ಹೆಸರಿನಿಂದ ಬ್ರಿಟಿಷರು ತಮ್ಮಲ್ಲೇ ಉಳಿಸಿಕೊಂಡರು; ೧೯೪೭ರಲ್ಲಿ ಮಾತ್ರ ಅದು ಮೈಸೂರಿಗೆ ಮರಳಿತು. ಪೇಟೆಯ ಬೆಂಗಳೂರು ಒಂದು, ದಂಡಿನ ಬೆಂಗಳೂರು ಇನ್ನೊಂದು. ಪಲ್ಟನ್ನಿನೊಡನೆ ಬಂದ ಅಡುಗೆಯವರು, ಕುದುರೆಲಾಯದ ಆಳುಗಳು, ಚಮ್ಮಾರರು, ದರ್ಜಿಗಳು, ಗುತ್ತಿಗೆದಾರರು ತಮಿಳು ಮತ್ತು ಉರ್ದು ಮಾತಾಡುವ ಮನೆತನಗಳಿಂದ ಬಂದವರು. ಪರೇಡಿನ ಮೈದಾನಗಳಲ್ಲಿ ಗೋರಾ ಸಿಪಾಯಿಗಳು ಸಂಜೆ ಆಡುತ್ತಿದ್ದ ಆಟ ಮೊದಲು ತಲುಪಿದುದು ಈ ಜನರ ಮಕ್ಕಳಿಗೆ. ಶಾಲೆಗಳೂ ಕೈಜೋಡಿಸಿದವು; ಸೇಂಟ್ ಜೋಸೆಫ್ ಶಾಲೆ ೧೮೫೮ರಲ್ಲಿಯೂ ಬಿಷಪ್ ಕಾಟನ್ ಶಾಲೆ ೧೮೬೫ರಲ್ಲಿಯೂ ಸ್ಥಾಪಿತವಾಗಿದ್ದವು. ಆದರೂ ಬೆಂಗಳೂರಿನ ಕಾಲ್ಚೆಂಡಾಟದ ಪ್ರಾಣ ಶಾಲೆಯಲ್ಲಿ ಅಲ್ಲ, ಹಲಸೂರು, ಆಸ್ಟಿನ್ ಟೌನ್, ಗೌತಮಪುರಗಳ ಓಣಿಗಳಲ್ಲಿ ಇದ್ದಿತೆಂಬುದೇ ನಮ್ಮ ತಿಳಿವಳಿಕೆ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಕಾಶ್ಮೀರದ ಶ್ರೀನಗರದಲ್ಲಿ ೧೮೯೧ರಲ್ಲಿ ಟಿಂಡೇಲ್-ಬಿಸ್ಕೊ ಎಂಬ ಪಾದ್ರಿ ತನ್ನ ಶಾಲೆಗೆ ಚೆಂಡು ತಂದಾಗ, ಅದು ತೊಗಲಿನದೆಂದು ಬ್ರಾಹ್ಮಣ ಹುಡುಗರು ಮುಟ್ಟಲು ಒಪ್ಪಲಿಲ್ಲ, ಬಲವಂತದಿಂದ ಆಡಿಸಬೇಕಾಯಿತು. ದಂಡಿನ ಓಣಿಗಳಲ್ಲಿ ತೊಗಲು ಅಂಥ ಸಮಸ್ಯೆಯೇ ಆಗಿರಲಿಲ್ಲ. ತೊಗಲಿನ ಕೆಲಸವೇ ಹಲವರ ಜೀವನಾಧಾರವಾಗಿದ್ದಿತು. ಒಂದು ಆಟ ಒಂದು ಊರಿನಲ್ಲಿ ಯಾರ ಕಾಲಿಗೆ ಮೊದಲು ಸಿಕ್ಕುತ್ತದೆ ಎಂಬುದರ ಮೇಲೆ ಅದರ ಮುಂದಿನ ಜಾತಕ ನಿಂತಿರುತ್ತದೆ.

ಆ ಜಾತಕ ಬೆಂಗಳೂರಿನಲ್ಲಿ ಬಹು ಚೆನ್ನಾಗಿ ಫಲಿಸಿತು. ಕಲ್ಕತ್ತೆಯಲ್ಲಿ ಮೋಹನ್ ಬಾಗಾನ್ ತಂಡ ೧೯೧೧ರ ಜುಲೈ ೨೯ರಂದು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ೨-೧ರಿಂದ ಸೋಲಿಸಿ ಐ. ಎಫ್. ಎ. ಷೀಲ್ಡನ್ನು ಗೆದ್ದ ಕಥೆ ಸರ್ವವಿದಿತ. ಆದರೆ ಬೊಂಬಾಯಿಯ ರೋವರ್ಸ್ ಕಪ್ಪನ್ನು, ೧೮೯೧ರಿಂದ ಪಲ್ಟನ್ನುಗಳ ಸೊತ್ತೆಂಬಂತೆ ಇದ್ದ ಆ ಕಪ್ಪನ್ನು, ಮೊಟ್ಟಮೊದಲು ಗೆದ್ದ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್ ಎಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಗೊತ್ತು? ಅದು ೧೯೩೭ರಲ್ಲಿ. ಮರುವರ್ಷ ೧೯೩೮ರಲ್ಲಿ ಅದೇ ತಂಡ ಮತ್ತೆ ಗೆದ್ದಿತು. ೧೯೪೮ರಲ್ಲಿ ಮೂರನೆಯ ಸಲ. ರಾಜ್ಯಗಳ ನಡುವಣ ಸಂತೋಷ್ ಟ್ರೋಫಿ ಸ್ಪರ್ಧೆ ೧೯೪೧ರಲ್ಲಿ ಆರಂಭವಾಯಿತಷ್ಟೆ. ಮೈಸೂರು ೧೯೪೬-೪೭ನೆಯ ಸಾಲಿನಲ್ಲಿ ಬಂಗಾಳವನ್ನು ಸೋಲಿಸಿ ಅದನ್ನು ಪಡೆಯಿತು. ೧೯೫೨-೫೩, ೧೯೬೭-೬೮, ೧೯೬೮-೬೯ರಲ್ಲಿಯೂ ಮೈಸೂರು ಗೆದ್ದಿತು. ಆ ಬಳಿಕ ೫೪ ವರ್ಷ ಕಾಯಬೇಕಾಯಿತು. ೨೦೨೩ರ ಮಾರ್ಚಿನಲ್ಲಿ ಸೌದಿ ಅರೇಬಿಯದ ರಿಯಾಧಿನಲ್ಲಿ ಮೇಘಾಲಯವನ್ನು ೩-೨ರಿಂದ ಸೋಲಿಸಿದಾಗ ಕರ್ನಾಟಕವೆಂಬ ಹೆಸರಿನಲ್ಲಿ ಮೊದಲ ಗೆಲವು ಬಂದಿತು.

ವ್ಯಕ್ತಿಗಳ ಮಾತಾಡುವುದಾದರೆ, ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಪಂದ್ಯ ೧೯೪೮ರ ಜುಲೈ ೩೧ರಂದು ಲಂಡನ್ನಿನ ಹೊರವಲಯದ ಇಲ್ಫರ್ಡಿನಲ್ಲಿ ಫ್ರಾನ್ಸಿನ ಎದುರು ನಡೆಯಿತು. ನಮ್ಮವರಲ್ಲಿ ಹೆಚ್ಚುಮಂದಿ ಬರಿಗಾಲಿನವರು. ದೊರೆತ ಎರಡು ಪೆನಾಲ್ಟಿ ಒದೆತಗಳೂ ವ್ಯರ್ಥವಾದವು. ಪಂದ್ಯ ೨-೧ರಿಂದ ಕೈತಪ್ಪಿತು. ಭಾರತದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಗೋಲ್‌ರಕ್ಷಕರು ಮೈಸೂರಿನ ವರದರಾಜ್. ಬರಿಗಾಲಿನಲ್ಲಿ ಚೆಂಡನ್ನು ಹಗ್ಗ ಕಟ್ಟಿದ ಕರುವಿನಂತೆ ಆಡಿಸುತ್ತಿದ್ದ ಅಹಮದ್ ಖಾನರೂ ಬೆಂಗಳೂರಿನವರೇ. ೧೯೫೨ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು ೧೦-೧ರಿಂದ ಸೋಲಿಸಿದಾಗ ಆ ಒಂದನ್ನು ಹೊಡೆದವರೂ ಅಹಮದ್ ಖಾನರು. ಆ ಸೋಲಿನ ಬಳಿಕ ಪಾದರಕ್ಷೆ ಕಡ್ಡಾಯವಾಯಿತು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ‘ಪಂಚಪಾಂಡವ’ರೆಂದು ಹೆಸರಾದ ಐವರು ಮುಂಚೂಣಿಯವರಲ್ಲಿ ಅಹಮದ್ ಖಾನರೊಬ್ಬರು. ೧೯೫೬ರ ಮೆಲ್ಬರ್ನಿನಲ್ಲಿ ನಾಲ್ಕನೆಯ ಸ್ಥಾನಕ್ಕೇರಿದ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯನವರಿದ್ದರು. ಮುಂದೆ ಸಾರ್ವಜನಿಕ ಉದ್ಯಮಗಳ ಕಾರ್ಖಾನೆಗಳು ಆಟಗಾರರಿಗೆ ಅನ್ನ ಕೊಟ್ಟವು. ೧೯೭೭ರ ಮೊದಲ ಫೆಡರೇಷನ್ ಕಪ್ಪನ್ನು ಗೆದ್ದುದು ಬೆಂಗಳೂರಿನ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ತಂಡ.

ಇಷ್ಟೊಂದು ಸಂಗತಿಗಳಿದ್ದರೂ ಕನ್ನಡದಲ್ಲಿ ಬರೆದ ನಾಡಿನ ಚರಿತ್ರೆಗಳಲ್ಲಿ ಇವುಗಳಿಗೆ ದೊರೆತ ಸ್ಥಾನ ಅತ್ಯಲ್ಪ. ರಾಜವಂಶ, ಶಾಸನ, ದೇವಾಲಯ, ಕಾವ್ಯ ಇವುಗಳ ಬಗ್ಗೆ ನಾವು ತೋರಿಸಿರುವ ಶ್ರದ್ಧೆಯ ನೂರರಲ್ಲೊಂದು ಪಾಲೂ ಇಲ್ಲಿ ಸಂದಿಲ್ಲ. ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳುವುದು ಒಳ್ಳೆಯದು. ಈ ಆಟಗಾರರಲ್ಲಿ ಹಲವರ ಮನೆಮಾತು ಕನ್ನಡವಲ್ಲ. ಅವರು ಪೇಟೆಯವರಲ್ಲ, ದಂಡಿನವರು. ಅವರಲ್ಲಿ ಓದುಬರಹ ಕಲಿತು ತಮ್ಮ ಕಥೆಯನ್ನು ತಾವೇ ಬರೆದಿಟ್ಟವರು ಕಡಮೆ. ‘ಬಡವರ ಆಟ, ತಾನಾಗಿಯೇ ಹರಡಿತು’ ಎಂಬ ಮಾತು ಹಿತವಾಗಿ ತೋರುವುದಕ್ಕೆ ಇದೂ ಒಂದು ಕಾರಣವಿದ್ದೀತು. ತಾನಾಗಿಯೇ ಹರಡಿದುದಕ್ಕೆ ಯಾರ ಹೆಸರನ್ನೂ ಬರೆಯಬೇಕಾಗಿಲ್ಲ. ಅಹಮದ್ ಖಾನರು ೨೦೧೭ರಲ್ಲಿ ತೀರಿಕೊಂಡರು. ಅವರ ತಲೆಮಾರಿನ ಬಾಯಿಮಾತನ್ನು ಸಂಗ್ರಹಿಸುವ ಅವಕಾಶ ಬಹುಮಟ್ಟಿಗೆ ಕಳೆದುಹೋಗಿದೆ. ಅವರನ್ನು ಮೈದಾನದ ಬೇಲಿಯ ಬಳಿ ನಿಂತು ನೋಡಿದವರು ಇನ್ನೂ ಕೆಲವರಿದ್ದಾರೆ. ಬೆಂಗಳೂರಿನ ಕಾಲೇಜುಗಳ ಇತಿಹಾಸ ವಿಭಾಗಗಳಿಗೆ ಆ ಓಣಿಗಳು ನಡೆದುಹೋಗುವಷ್ಟು ಹತ್ತಿರದಲ್ಲಿವೆ.

ಮತ್ತೆ ಅಮೆರಿಕದ ಆಟಕ್ಕೆ ಬರೋಣ. ಹೊತ್ತು ತರುವವರಿದ್ದರೆ ಅದೂ ಬರುತ್ತಿದ್ದಿತೇ? ಬೆಂಗಳೂರಿಗೆ ಅಮೆರಿಕನ್ನರು ಬರಲೇ ಇಲ್ಲವೆಂದು ತಿಳಿಯಬಾರದು. ಅವರು ಎರಡು ಸಲ ಬಂದರು, ಎರಡು ಪ್ರಸಂಗಗಳೂ ಬೋಧಪ್ರದವಾಗಿವೆ. ಅಮೆರಿಕದ ಮೆಥಡಿಸ್ಟ್ ಪಾದ್ರಿಗಳು ಒಹಾಯೊ ಸಂಸ್ಥಾನದ ಜಾನ್ ಬಾಲ್ಡ್‌ವಿನ್ ಎಂಬ ದಾನಿಯ ಹೆಸರಿನಲ್ಲಿ ಬಾಲ್ಡ್‌ವಿನ್ ಶಾಲೆಯನ್ನು ಬೆಂಗಳೂರಿನಲ್ಲಿ ತೆರೆದುದು ೧೮೮೦ರಲ್ಲಿ. ವಾಲ್ಟರ್ ಕ್ಯಾಂಪ್ ತನ್ನ ಆಟದ ಗೆರೆಯನ್ನು ಎಳೆದುದೂ ಅದೇ ವರ್ಷ. ಅಂದರೆ ಅಮೆರಿಕದ ಉಪಾಧ್ಯಾಯರು ಇಲ್ಲಿಗೆ ಬಂದಾಗ ಅವರ ಪೆಟ್ಟಿಗೆಯಲ್ಲಿ ತರಲು ಅಂಥದೊಂದು ಆಟವೇ ಸಿದ್ಧವಾಗಿರಲಿಲ್ಲ. ಅದು ಸಿದ್ಧವಾಗುವ ವೇಳೆಗೆ ದಂಡಿನ ಮೈದಾನಗಳಲ್ಲಿ ಗೋಲಿನ ಕಂಬಗಳು ನೆಟ್ಟಾಗಿದ್ದವು.

ಎರಡನೆಯ ಪ್ರಸಂಗ ಇನ್ನೂ ಸ್ವಾರಸ್ಯವಾದುದು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಾಯದಿಂದ ೧೯೪೦ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ವಿಲಿಯಂ ಪಾಲಿ ಎಂಬ ಅಮೆರಿಕನ್ನನ ನೆರವಿದ್ದಿತು. ೧೯೪೩ರಲ್ಲಿ ಯುದ್ಧದ ನಿಮಿತ್ತ ಅದು ಅಮೆರಿಕದ ಸೈನ್ಯದ ಆಡಳಿತಕ್ಕೆ ಹೋಗಿ, ವಿಮಾನಗಳ ದುರಸ್ತಿಯ ದೊಡ್ಡ ಕೇಂದ್ರವಾಯಿತು. ಅಮೆರಿಕದ ಯುವಕರು ಬೆಂಗಳೂರಿನ ಕೆಲಸಗಾರರೊಡನೆ ಹೆಗಲಿಗೆ ಹೆಗಲು ಕೊಟ್ಟು ದುಡಿದರು. ಯುದ್ಧ ಮುಗಿದೊಡನೆ ಹೊರಟುಹೋದರು. ಅವರು ಬಿಟ್ಟುಹೋದುದು ಯಂತ್ರಗಳ ಅಭ್ಯಾಸವನ್ನು, ಫುಟ್‌ಬಾಲನ್ನಲ್ಲ. ಅದೇ ಕಾರ್ಖಾನೆ ಮುಂದೆ ಹಿಂದೂಸ್ತಾನ್ ಏರೋನಾಟಿಕ್ಸ್ ಎಂಬ ಹೆಸರಿನಲ್ಲಿ ಕಾಲ್ಚೆಂಡಾಟದ ತಂಡವನ್ನು ಕಟ್ಟಿ, ಅದು ದೇಶದ ಐ-ಲೀಗಿನಲ್ಲಿ ಆಡುವ ಮಟ್ಟಕ್ಕೆ ಏರಿತು. ಎರಡು ವರ್ಷದ ಅತಿಥಿಗೂ ನೂರಮೂವತ್ತು ವರ್ಷದ ನಿವಾಸಿಗೂ ಇರುವ ಅಂತರ ಇದು. ಆಟವು ನೆಲಸಬೇಕಾದರೆ ನೋಡಿ ಕಲಿತ ಹುಡುಗ ಬೆಳೆದು ತನ್ನ ಮಗನಿಗೆ ಕಲಿಸುವಷ್ಟು ಕಾಲವಾದರೂ ಬೇಕು.

ಆದರೆ ವಾಹಕರ ಕೊರತೆಯೊಂದೇ ಕಾರಣವೆಂದರೆ ಅದೂ ಪೂರ್ತಿ ಸರಿಯಾಗಲಾರದು. ಏಕೆಂದರೆ ಅಮೆರಿಕದ ಬೇರೆ ಎರಡು ಆಟಗಳು ನಮ್ಮ ನಾಡಿನಲ್ಲಿ ಮನೆಮಾಡಿಕೊಂಡಿವೆ. ಬ್ಯಾಸ್ಕೆಟ್‌ಬಾಲನ್ನು ಜೇಮ್ಸ್ ನೈಸ್ಮಿತ್ ೧೮೯೧ರ ಡಿಸೆಂಬರಿನಲ್ಲಿ ಕಲ್ಪಿಸಿದುದು ಹಿಂದೆ ಹೇಳಿದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿಯೇ, ವೈ. ಎಂ. ಸಿ. ಎ. ತರಬೇತಿ ಶಾಲೆಯಲ್ಲಿ. ಆತ ಸ್ವತಃ ಅಮೆರಿಕದ ಫುಟ್‌ಬಾಲ್ ಆಡಿದವನು. ಚಳಿಗಾಲದಲ್ಲಿ ಒಳಾಂಗಣದಲ್ಲಿ, ಒಬ್ಬರ ಮೇಲೊಬ್ಬರು ಬೀಳದೆ ಆಡಬಹುದಾದ ಆಟವೇ ಆತನಿಗೆ ಬೇಕಾಗಿದ್ದಿತು. ವಾಲಿಬಾಲನ್ನು ವಿಲಿಯಂ ಮಾರ್ಗನ್ ೧೮೯೫ರಲ್ಲಿ ಪಕ್ಕದ ಹೋಲಿಯೋಕ್ ಊರಿನಲ್ಲಿ ರಚಿಸಿದ. ಅಮೆರಿಕದವರಾದ ಹ್ಯಾರಿ ಕ್ರೋ ಬಕ್ ೧೯೨೦ರಲ್ಲಿ ಮದರಾಸಿನಲ್ಲಿ ವೈ. ಎಂ. ಸಿ. ಎ. ದೈಹಿಕ ಶಿಕ್ಷಣ ಕಾಲೇಜನ್ನು ತೆರೆದ ಬಳಿಕ, ಅಲ್ಲಿ ಕಲಿತ ಉಪಾಧ್ಯಾಯರು ದಕ್ಷಿಣದ ಶಾಲೆಗಳಿಗೆ ಈ ಆಟಗಳನ್ನು ಒಯ್ದರು. ಇಂದು ನಮ್ಮ ಹಳ್ಳಿಗಳಲ್ಲಿ ಎರಡು ಕಂಬಕ್ಕೆ ಬಲೆ ಕಟ್ಟಿ ವಾಲಿಬಾಲ್ ಆಡುವ ಯುವಕರಿಗೆ ತಾವು ಆಡುತ್ತಿರುವುದು ಅಮೆರಿಕದ ಆಟವೆಂಬ ಅರಿವೇ ಇಲ್ಲ, ಇರಬೇಕಾಗಿಯೂ ಇಲ್ಲ. ಹಾಗಾದರೆ ವಾಹನವಿದ್ದಿತು; ಆದರೆ ವಾಹನದವರು ಫುಟ್‌ಬಾಲನ್ನು ಮನೆಯಲ್ಲಿಯೇ ಬಿಟ್ಟು ಬಂದರು.

ಏಕೆ ಬಿಟ್ಟರು? ೧೯೦೫ರ ಒಂದು ಋತುವಿನಲ್ಲಿಯೇ ಅಮೆರಿಕದಲ್ಲಿ ಹದಿನೆಂಟು-ಹತ್ತೊಂಬತ್ತು ಯುವಕರು ಈ ಆಟದಿಂದ ಸತ್ತರೆಂದು ಅಂದಿನ ಪತ್ರಿಕೆಗಳು ಲೆಕ್ಕ ಕೊಟ್ಟವು. ಅಧ್ಯಕ್ಷ ಥಿಯೊಡೊರ್ ರೂಸ್‌ವೆಲ್ಟರು ಅಕ್ಟೋಬರ್ ೯ರಂದು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ನುಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ತಿದ್ದಿಕೊಳ್ಳುವಂತೆ ಹೇಳಬೇಕಾಯಿತು. ೧೯೦೬ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಬಂದುದು ಈ ಸುಧಾರಣೆಯ ಫಲ. ದೇಹದಾರ್ಢ್ಯವನ್ನೂ ಸನ್ನಡತೆಯನ್ನೂ ಬೋಧಿಸಲು ಹೊರಟ ಸಂಸ್ಥೆ ಇಂಥ ಆಟವನ್ನು ಪರದೇಶಕ್ಕೆ ಹೊತ್ತೊಯ್ಯದಿದ್ದುದು ಆಶ್ಚರ್ಯವಲ್ಲ.

ಇದಕ್ಕೆ ಪುಷ್ಟಿಕೊಡುವ ಇನ್ನೊಂದು ನಿದರ್ಶನ ಕಲ್ಕತ್ತೆಯದು. ರಗ್ಬಿಗೆ ಬ್ರಿಟಿಷ್ ವಾಹಕರು ಧಾರಾಳವಾಗಿದ್ದರು. ೧೮೭೩ರಲ್ಲಿ ಕಲ್ಕತ್ತೆಯಲ್ಲಿ ರಗ್ಬಿ ಕ್ಲಬ್ಬು ಹುಟ್ಟಿತು. ಐದಾರು ವರ್ಷಗಳಲ್ಲಿಯೇ ಸೊರಗಿತು. ಉಳಿದಿದ್ದ ಬೆಳ್ಳಿಯ ರೂಪಾಯಿಗಳನ್ನು ಕರಗಿಸಿ ಬಟ್ಟಲೊಂದನ್ನು ಮಾಡಿಸಿ ಇಂಗ್ಲೆಂಡಿಗೆ ಕಳುಹಿಸಿಬಿಟ್ಟರು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು ಇಂದಿಗೂ ಆ ಕಲ್ಕತ್ತ ಕಪ್ಪಿಗಾಗಿ ಸೆಣಸುತ್ತವೆ. ಅದೇ ಊರಿನಲ್ಲಿ, ಅದೇ ಜನ ತಂದ ಕಾಲ್ಚೆಂಡಾಟ ಮಾತ್ರ ಲಕ್ಷಾಂತರ ಮಂದಿಯ ಹುಚ್ಚಾಯಿತು. ಬೇಸಗೆಯಲ್ಲಿ ಇಟ್ಟಿಗೆಯಂತೆ ಒಣಗುವ ನಮ್ಮ ನೆಲದ ಮೇಲೆ ಒಬ್ಬನನ್ನು ಕೆಡವಿ ಉರುಳಿಸುವುದೇ ಆಟದ ನಿಯಮವಾದರೆ, ಅದು ಬರಿಗಾಲಿನ, ಬರಿಮೈಯ ಹುಡುಗನಿಗೆ ಸಲ್ಲದು. ಮೈಮುಟ್ಟಿ ಆಡುವುದಕ್ಕೇ ನಮ್ಮವರು ಹಿಂಜರಿದರೆಂದು ಕೆಲವರು ಹೇಳುವುದುಂಟು. ಕಬಡ್ಡಿಯಲ್ಲಿ ಒಬ್ಬನನ್ನು ಏಳು ಮಂದಿ ಹಿಡಿದೆಳೆಯುವುದನ್ನು ಕಂಡವರು ಹೀಗೆ ಹೇಳಲಾರರು. ಅಲ್ಲಿ ಓಟದ ವೇಗದಿಂದ ಬಂದು ಡಿಕ್ಕಿ ಹೊಡೆಯುವುದಿಲ್ಲ, ನೆಲವನ್ನೂ ಅಗೆದು ಮೆದುಮಾಡಿರುತ್ತಾರೆ.

ಕ್ರಿಕೆಟ್ಟಿಗೆ ಇಷ್ಟೊಂದು ಸಾಮಗ್ರಿ ಬೇಕು, ನಿಯಮಗಳೂ ಜಟಿಲ, ಆದರೂ ಅದು ಹರಡಿತಲ್ಲ ಎಂದು ವಾಚಕರು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದುದೇ. ಅರಸರ ಮತ್ತು ಕಾಲೇಜುಗಳ ಆಶ್ರಯ ಅದಕ್ಕೆ ದೊರೆಯಿತು. ಅಷ್ಟೇ ಅಲ್ಲದೆ, ತೆಂಗಿನ ಮಟ್ಟೆಯನ್ನು ಬ್ಯಾಟೆಂದೂ ಮೂರು ಗೆರೆಯನ್ನು ವಿಕೆಟ್ಟೆಂದೂ ಕರೆದು ಓಣಿಯಲ್ಲಿ ಆಡಿಕೊಳ್ಳುವಂತೆ ಅದನ್ನು ಕಿರಿದುಗೊಳಿಸಬಹುದಾಗಿದ್ದಿತು. ಕಿರಿದುಗೊಳಿಸಲಾಗದ ಆಟ ಆಸ್ಥಾನದಲ್ಲಿಯೇ ಉಳಿಯುತ್ತದೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಹನ್ನೆರಡನೆಯ ಶತಮಾನದಲ್ಲಿ ವಾಜಿವಾಹ್ಯಾಲಿ ವಿನೋದವನ್ನು, ಎಂದರೆ ಕುದುರೆಯ ಮೇಲೆ ಕುಳಿತು ಆಡುವ ಚೆಂಡಾಟವನ್ನು, ವಿವರವಾಗಿ ವರ್ಣಿಸಿದೆ. ಕುದುರೆಯಿಲ್ಲದವನಿಗೆ ಅದರಲ್ಲಿ ಪಾಲಿಲ್ಲ.

ಅಮೆರಿಕದವರು ತಾವಾಗಿಯೇ ಕಾಲ್ಚೆಂಡಾಟವನ್ನು ತಿರಸ್ಕರಿಸಿದರೆಂದೂ ಹೇಳಲಾಗದು. ೧೯೩೦ರ ಮೊದಲ ವಿಶ್ವಕಪ್ಪಿನಲ್ಲಿ ಅವರ ತಂಡ ಉಪಾಂತ್ಯಕ್ಕೆ ಏರಿತು. ೧೯೫೦ರ ಜೂನ್ ೨೯ರಂದು ಬ್ರೆಜಿಲಿನ ಬೆಲೊ ಹೊರಿಜಾಂಟಿಯಲ್ಲಿ ಇಂಗ್ಲೆಂಡನ್ನೇ ೧-೦ರಿಂದ ಸೋಲಿಸಿತು. ಆದರೆ ಗಿರಣಿಯ ಊರುಗಳಲ್ಲಿ ವಲಸೆಗಾರರು ಆಡುತ್ತಿದ್ದ ಈ ಆಟ ಪರಕೀಯರದೆನಿಸಿಕೊಂಡಿತು. ಬೇಸಗೆಯನ್ನು ಬೇಸ್‌ಬಾಲೂ ಶರತ್ಕಾಲವನ್ನು ಫುಟ್‌ಬಾಲೂ ಆಗಲೇ ಹಂಚಿಕೊಂಡಿದ್ದವು. ಮನೆಯೊಳಗೆ ಇಷ್ಟು ದೊಡ್ಡ ಪೇಟೆಯಿದ್ದವರಿಗೆ ಹೊರಗೆ ಹೋಗುವ ಅಗತ್ಯ ತೋರಲಿಲ್ಲ. ದೂರದರ್ಶನ ಬಂದ ಮೇಲಂತೂ, ಮೂರು ಗಂಟೆಯ ಪಂದ್ಯದಲ್ಲಿ ಚೆಂಡು ನಿಜವಾಗಿ ಚಲಿಸುವುದು ಹತ್ತು-ಹನ್ನೆರಡು ನಿಮಿಷವೇ ಆದರೂ, ನಡುನಡುವಿನ ಬಿಡುವುಗಳೇ ಜಾಹೀರಾತಿಗೆ ಒದಗಿ ಹಣದ ಗಣಿಯಾದವು. ೧೯೯೪ರಲ್ಲಿ ಅದೇ ದೇಶದಲ್ಲಿ ನಡೆದ ವಿಶ್ವಕಪ್ಪಿಗೆ ೩೫ ಲಕ್ಷಕ್ಕೂ ಹೆಚ್ಚು ಪ್ರೇಕ್ಷಕರು ಬಂದರು. ೨೦೨೬ರ ವಿಶ್ವಕಪ್ಪನ್ನೂ ಫಿಫಾ ಕೆನಡ, ಮೆಕ್ಸಿಕೊಗಳೊಡನೆ ಆ ದೇಶಕ್ಕೆ ಒಪ್ಪಿಸಿತು.

ಕಾಲ ಮಿಂಚಿದ ಮೇಲೆ ಹಣದ ಬಲದಿಂದ ಆಟವನ್ನು ನೆಡುವ ಯತ್ನವೂ ನಡೆಯಿತು. ೨೦೧೧ರಲ್ಲಿ ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯ ಎಂಬ ಸಂಸ್ಥೆ ಸ್ಥಾಪಿತವಾಗಿ, ೨೦೧೨ರಲ್ಲಿ ಅದರ ಪಂದ್ಯಗಳು ನಡೆದವು. ಅದರಲ್ಲಿ ಬೆಂಗಳೂರು ವಾರ್‌ಹಾಕ್ಸ್ ಎಂಬ ತಂಡವೂ ಇದ್ದಿತು. ಅದು ಬೇರೂರಲಿಲ್ಲ. ಇದರ ಮರುವರ್ಷವೇ, ೨೦೧೩ರಲ್ಲಿ, ಹುಟ್ಟಿದ ಬೆಂಗಳೂರು ಎಫ್. ಸಿ. ತನ್ನ ಮೊದಲ ಋತುವಿನಲ್ಲಿಯೇ ಐ-ಲೀಗನ್ನು ಗೆದ್ದು, ೨೦೧೬ರಲ್ಲಿ ಏಷ್ಯದ ಎ. ಎಫ್. ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿತು. ಹೊಸ ಸಂಸ್ಥೆ ಹಳೆಯ ಮಣ್ಣಿನ ಮೇಲೆ ನಿಂತಿದ್ದಿತು. ಹಲಸೂರಿನ ಬಳಿಯ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸರ ಪ್ರತಿಮೆಗಳ ಸಾಲಿನಲ್ಲಿ ಬ್ರೆಜಿಲಿನ ಪೆಲೆಯ ಪ್ರತಿಮೆಯೂ ನಿಂತಿದೆ. ಅದನ್ನು ಯಾವ ಲೀಗೂ ನಿಲ್ಲಿಸಲಿಲ್ಲ.

ಹಾಗೆಂದು ಅಮೆರಿಕದ ಆಟಕ್ಕೆ ಹೊರಗೆ ದಾರಿಯೇ ಇಲ್ಲವೆನ್ನುವಂತಿಲ್ಲ. ಜಪಾನಿನಲ್ಲಿ ರಿಕ್ಯೊ ವಿಶ್ವವಿದ್ಯಾನಿಲಯದ ಪಾಲ್ ರಷ್ ಎಂಬ ಅಮೆರಿಕದ ಅಧ್ಯಾಪಕ ೧೯೩೪ರಲ್ಲಿ ಅದನ್ನು ಆರಂಭಿಸಿ, ಅಲ್ಲಿಯೇ ನೆಲಸಿ, ಬೆಳೆಸಿದ. ಅಲ್ಲಿ ಅದು ಇಂದಿಗೂ ಜೀವಂತವಾಗಿದೆ. ಇನ್ನು ೨೦೨೮ರ ಲಾಸ್ ಏಂಜಲಿಸ್ ಒಲಿಂಪಿಕ್ಕಿಗೆ ೨೦೨೩ರಲ್ಲಿ ಸೇರಿಸಲಾದ ಫ್ಲ್ಯಾಗ್ ಫುಟ್‌ಬಾಲನ್ನು ನೋಡಿದರೆ, ನೂರು ವರ್ಷಗಳ ಹಿಂದೆ ವೈ. ಎಂ. ಸಿ. ಎ.ಯವರು ಕಂಡುಕೊಂಡಿದ್ದುದನ್ನು ಅಮೆರಿಕದ ಫುಟ್‌ಬಾಲಿನವರು ಈಗ ಕಂಡುಕೊಂಡಂತಿದೆ. ಅದರಲ್ಲಿ ಪಕ್ಷಕ್ಕೆ ಐವರು, ಕೆಡವುವುದಿಲ್ಲ, ಡಿಕ್ಕಿಯಿಲ್ಲ, ಕವಚವಿಲ್ಲ, ಶಿರಸ್ತ್ರಾಣವಿಲ್ಲ, ಓಡುವವನ ನಡುವಿಗೆ ಸಿಕ್ಕಿಸಿದ ಬಟ್ಟೆಯ ತುಂಡನ್ನು ಎಳೆದುಕೊಂಡರೆ ಅವನು ನಿಂತಂತೆ. ಗೋಪಿನಾಥದ ಜಲಾಶಯದ ದಂಡೆಯ ಬಯಲಿನಲ್ಲಿಯೂ ಅದನ್ನು ಆಡಲು ಅಡ್ಡಿಯೇನೂ ಇಲ್ಲ. ಕಾಲ್ಚೆಂಡಿಗೆ ದಂಡು ಇದ್ದಿತು, ವಾಲಿಬಾಲಿಗೆ ಮದರಾಸಿನಲ್ಲಿ ಕಲಿತ ಡ್ರಿಲ್ ಮಾಸ್ತರರಿದ್ದರು. ಆ ಚೂಪುತುದಿಯ ಚೆಂಡನ್ನು ಮಹದೇಶ್ವರಬೆಟ್ಟವನ್ನು ದಾಟಿಸಿ ಪಾಲಾರಿನ ದಾರಿಯಲ್ಲಿ ಒಯ್ದು, ಹುಡುಗರು ಅದನ್ನು ತಮ್ಮದೆನ್ನುವವರೆಗೆ ಅಲ್ಲಿಯೇ ಉಳಿಯುವವರು ಇನ್ನೂ ಹೊರಟಿಲ್ಲ.